ಮಾಲ್ಟಾ ಬಂದರಿನ ಚಹಾದಂಗಡಿ

ನನ್ನ ಬಟ್ಟೆಯ ಕಪಾಟಿನ ಕೆಳಗಿನ ಅಂಕಣದಲ್ಲಿ ಒಂದು ಬಂದರು ಇದೆ. ಉಳಿದವರ ಮನೆಯಲ್ಲಿ ಹಳೆಯ ಪೇಪರು ಹಾಸುವ ಜಾಗದಲ್ಲಿ ನಮ್ಮಲ್ಲಿ ಮಾಲ್ಟಾ ದ್ವೀಪದ ದೊಡ್ಡ ಬಂದರಿನ ನಕಾಶೆ ಹಾಸಿದೆ. ನನ್ನ ಬನಿಯನ್ನುಗಳು ಹತ್ತು ಮಾರು ಆಳದ ನೀರಿನಲ್ಲಿ ನಿಂತಿವೆ, ಕೊಡೆ ಒಂದು ಕೋಟೆಗೆ ಒರಗಿಕೊಂಡಿದೆ. ಪ್ರತಿ ದೀಪಾವಳಿಗೆ ಕಪಾಟು ಒರೆಸುವಾಗ ಹೆಂಡತಿ ಆ ಕಾಗದದ ತುದಿ ಹಿಡಿದೆತ್ತಿ, "ಈ ಸಲನಾದ್ರೂ ಇದನ್ನ ರದ್ದಿಗೆ ಹಾಕೂಣೇನು?" ಎಂದು ಕೇಳುತ್ತಾಳೆ. ನಾನು ಸ್ನಾನದ ಮನೆಯಲ್ಲಿದ್ದರೂ ಸರಿ, ಸೋಪು ಹಚ್ಚಿದ ಮುಖದಲ್ಲೇ ಓಡಿಬಂದು ಹಿಡಿದುಕೊಳ್ಳುತ್ತೇನೆ.

ನಾನು ಮಾಲ್ಟಾಕ್ಕೆ ಹೋದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಡಗು ಹತ್ತಿದ್ದು ಒಂದೇ ಸಲ, ಅದೂ ಎಲಿಫೆಂಟಾ ಗುಹೆ ನೋಡಲು, ಆ ಒಂದು ತಾಸಿನಲ್ಲೇ ಎರಡು ಸಲ ವಾಂತಿಯಾಗಿತ್ತು. ಆದರೂ ಆ ಬಂದರಿನ ಸುತ್ತ ನಿಮ್ಮನ್ನು ಕಣ್ಣುಮುಚ್ಚಿ ಕರೆದೊಯ್ಯಬಲ್ಲೆ. ನಿಮಗಿಂತ ಹೆಚ್ಚು ಪ್ರಶ್ನೆ ಕೇಳುವವರನ್ನು ನಾನು ಅಲ್ಲಿ ಸುತ್ತಾಡಿಸಿದ್ದೇನೆ.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ವಿಜಾಪುರದಿಂದ ಮುಂಬಯಿಗೆ ಬಂದ ನನಗೆ ಫೋರ್ಟ್ ಎಂಬ ಪೇಟೆಯಲ್ಲಿ ಒಂದು ವಿಚಿತ್ರ ಕೆಲಸ ಸಿಕ್ಕಿತ್ತು. ಹಡಗಿನವರಿಗೆ ಸಮುದ್ರದ ನಕಾಶೆ ಮಾರುವ ಅಂಗಡಿ ಅದು. ಸಮುದ್ರ ಸುಮ್ಮನಿರುವುದಿಲ್ಲ ನೋಡಿ. ಎಲ್ಲೋ ಒಂದು ಹಡಗು ಮುಳುಗುತ್ತದೆ, ಎಲ್ಲೋ ಹೊಸ ದೀಪಸ್ತಂಭ ಬರುತ್ತದೆ, ಇನ್ನೆಲ್ಲೋ ಹೂಳು ತುಂಬುತ್ತದೆ. ಇಂಥ ಬದಲಾವಣೆಗಳ ಪುಸ್ತಿಕೆಯೊಂದು ವಾರಕ್ಕೊಮ್ಮೆ ವಿಲಾಯತಿಯಿಂದ ವಿಮಾನದಲ್ಲಿ ಬರುತ್ತಿತ್ತು. ಅದನ್ನು ಮುಂದಿಟ್ಟುಕೊಂಡು ಅಂಗಡಿಯ ಪ್ರತಿ ನಕಾಶೆಯನ್ನೂ ಸೂಜಿಯಂಥ ನಿಬ್ಬಿನಿಂದ, ನೇರಳೆಗೆ ತಿರುಗಿದ ಗುಲಾಬಿ ಶಾಯಿಯಲ್ಲಿ, ಕೈಯಿಂದಲೇ ತಿದ್ದಬೇಕು. ವಿಜಾಪುರದಲ್ಲಿ ನಾನು ಕಂಡ ಅತಿ ದೊಡ್ಡ ನೀರೆಂದರೆ ತಾಜ್ ಬಾವಡಿ. ಅಂಥವನ ಕೈಗೆ ಏಳು ಸಮುದ್ರ ತಿದ್ದುವ ಕೆಲಸ ಕೊಟ್ಟರು. ಕಾರಣ ಇಷ್ಟೇ: ಡ್ರಾಯಿಂಗ್ ಮಾಸ್ತರರ ಛಡಿ ಏಟಿನಿಂದ ನನ್ನ ಅಕ್ಷರಗಳು ಮುತ್ತಿನಂತೆ ದುಂಡಗಾಗಿದ್ದವು.

ನಮ್ಮ ಮೇಲಿನವರು ಪಿಂಟೊ ಸಾಹೇಬರು. ಮಂಗಳೂರ ಕಡೆಯವರು, ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಸಮುದ್ರ ತಿದ್ದಿದವರು. ಮೊದಲ ದಿನವೇ ನನಗೆ ಹೇಳಿದ್ದರು: "ನೋಡು ಮಾರಾಯ, ನೆಲದ ಮೇಲೆ ನೀನು ಎಂತ ಸುಳ್ಳು ಬೇಕಾದ್ರೂ ಹೇಳು, ದೇವರು ನೋಡ್ಕೊಳ್ತಾನೆ. ನೀರಿನ ಮೇಲೆ ಮಾತ್ರ ಹೇಳ್ಬೇಡ. ಹಡಗು ಮುಳುಗ್ತದೆ." ಈ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆ ಎಂಬುದೇ ಈ ಕಥೆ.

ಹೊಸ ಆವೃತ್ತಿ ಬಂದ ಕೂಡಲೇ ಹಳೆಯ ನಕಾಶೆಯ ಮೇಲೆ ಅಡ್ಡಗೀಟು ಎಳೆದು ಮೂಲೆಗೆ ಒಗೆಯುತ್ತಿದ್ದರು. ಎಂಥ ದಪ್ಪ ಕಾಗದ ಅದು. ನಾವೆಲ್ಲ ಸುರುಳಿ ಸುತ್ತಿ ಮನೆಗೆ ಒಯ್ಯುತ್ತಿದ್ದೆವು. ವಿಲೆ ಪಾರ್ಲೆಯ ನಮ್ಮ ಚಾಳದಲ್ಲಿ ಮಕ್ಕಳ ಗಣಿತದ ಪುಸ್ತಕಕ್ಕೆ ಸಿಸಿಲಿಯ ಕಡಲಿನ ಹೊದಿಕೆ, ಮರಾಠಿ ಪುಸ್ತಕಕ್ಕೆ ಜಿಬ್ರಾಲ್ಟರ್. ಅಕ್ಕನ ಅಡುಗೆಯ ಡಬ್ಬಿಗಳಂತೂ ಇಡೀ ಮೆಡಿಟರೇನಿಯನ್ ಮೇಲೆ ಸಾಲಾಗಿ ಕೂತಿದ್ದವು, ಜೀರಿಗೆ ಗ್ರೀಸಿನ ಕಡೆ, ಸಾಸಿವೆ ಈಜಿಪ್ಟಿನ ಕಡೆ.

ಅಕ್ಕ ಅಂದೆನಲ್ಲ, ಗಿರಿಜಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆ ಮುಗಿಸಿದ್ದಳು, ಮುಂದೆ ಓದಿಸಿದ್ದರೆ ನನ್ನ ಸ್ಟೂಲಿನ ಮೇಲೆ ಅವಳೇ ಕೂತಿರುತ್ತಿದ್ದಳು. ಗ್ರಾಂಟ್ ರೋಡಿನ ಲಾಜಿನಲ್ಲಿ ತಿಗಣೆಗಳ ಜೊತೆ ಒಂದು ತಿಂಗಳು ಕಳೆದ ನನ್ನನ್ನು, "ಇಲ್ಲೇ ಬಂದು ಬೀಳು" ಎಂದು ತನ್ನ ಒಂದೂವರೆ ಖೋಲಿಗೆ ಕರೆದುಕೊಂಡಿದ್ದಳು. ಅವಳ ಗಂಡ ಈರಣ್ಣ ಮಾಮಾ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ರೈಲು ಬಿಟ್ಟು ಹಡಗು ಹತ್ತಿದವನು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಾಮಾ ಮನೆಯಲ್ಲಿದ್ದದ್ದು ಎಲ್ಲಾ ಸೇರಿ ನಾಲ್ಕು ತಿಂಗಳು.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಒಂದು ತಾರು ಬಂತು. ಹಡಗಿನ ಎಂಜಿನ್ ಕೆಟ್ಟಿದೆ, ಮಾಲ್ಟಾದಲ್ಲಿ ನಿಂತಿದೆ, ರಿಪೇರಿಗೆ ಬಹಳ ದಿನ ಹಿಡಿಯುತ್ತದೆ, ಚಿಂತೆ ಬೇಡ. ಚಿಂತೆ ಬೇಡ ಎಂದು ತಾರಿನಲ್ಲಿ ಬರೆದರೆ ಯಾರು ಚಿಂತೆ ಬಿಡುತ್ತಾರೆ? ಸುಯೆಜ್ ಕಾಲುವೆ ಯುದ್ಧದಿಂದ ಮುಚ್ಚಿಹೋಗಿತ್ತು. ಆ ಕಡೆ ಸಿಕ್ಕಿಬಿದ್ದ ಹಡಗು ಈ ಕಡೆ ಬರಬೇಕಾದರೆ ಇಡೀ ಆಫ್ರಿಕಾ ಸುತ್ತಬೇಕು. ಎಂಜಿನ್ನಿನ ಯಾವುದೋ ದೊಡ್ಡ ಭಾಗ ಹೊಸದಾಗಿ ಎರಕ ಹೊಯ್ಸಿ ತರಿಸಬೇಕಂತೆ. ಹಡಗಿನ ಉಳಿದ ಕೆಲಸಗಾರರಲ್ಲಿ ಅರ್ಧ ಮಂದಿಯನ್ನು ಮನೆಗೆ ಕಳಿಸಿದರು, ಎಂಜಿನ್ ಕೋಣೆಯವರನ್ನು ಮಾತ್ರ ಬಿಡಲಿಲ್ಲ.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಒಂದು ಚಪಾತಿ ಲಟ್ಟಿಸಿ ಅರ್ಧ ತಿಂದು ಏಳುವುದು, ನಲ್ಲಿಯ ನೀರು ಬಂದು ಹೋದರೂ ಕೊಡ ಹಿಡಿದು ನಿಂತೇ ಇರುವುದು. ಒಂದು ವಾರ ಹೀಗೇ ಕಳೆಯಿತು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ನಾನು ಚಡ್ಡಿ ಒಗೆಯುತ್ತಿದ್ದಾಗ ಕೇಳಿದಳು.

"ತಮ್ಮಾ, ಮಾಲ್ಟಾ ಅಂದ್ರ ಎಲ್ಲೈತೊ? ಅವರು ಎಲ್ಲಿ ಕುಂತಾರ, ಎಲ್ಲಿ ನಿಂತಾರ ಅಂತ ತಲಿಯಾಗ ಬರವೊಲ್ದು. ಬರೀ ಕತ್ತಲಿ ಕಾಣಾಕತ್ತೈತಿ."

ನಾನು ಒದ್ದೆ ಕೈಯಲ್ಲೇ ಎದ್ದುನಿಂತೆ. ಮಾಲ್ಟಾ ನನಗೆ ಗೊತ್ತಿಲ್ಲವೇ? ಹಿಂದಿನ ತಿಂಗಳಷ್ಟೇ ಅದರ ಹಳೆಯ ನಕಾಶೆ ರದ್ದಾಗಿ, ಸುರುಳಿಯಾಗಿ ನನ್ನ ಟ್ರಂಕಿನ ಹಿಂದೆ ಬಿದ್ದಿತ್ತು. ಜೀವನದಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಮನೆಯಲ್ಲಿ ಗಿರಾಕಿ ಸಿಕ್ಕಿತ್ತು. ನೆಲಕ್ಕೆ ಹಾಸಿದೆ. ಸುರುಳಿ ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು, ನಾಲ್ಕು ಮೂಲೆಗೆ ಲಟ್ಟಣಿಗೆ, ಇಸ್ತ್ರಿಪೆಟ್ಟಿಗೆ, ಸಕ್ಕರೆ ಡಬ್ಬಿ ಮತ್ತು ನನ್ನ ಎಡಗಾಲು ಇಟ್ಟು ಸಮುದ್ರವನ್ನು ಸ್ಥಿರಗೊಳಿಸಿದೆ.

"ಅಂಗೈ ಮಾಡು" ಎಂದೆ. ಅಕ್ಕ ಅಂಗೈ ಚಾಚಿದಳು. ಬಂದರು ಇರುವುದೇ ಹಾಗೆ: ನಡುವೆ ಉದ್ದ ನೀರು, ಒಂದು ಬದಿಗೆ ವಲೆಟ್ಟಾ ಎಂಬ ಊರು, ಎದುರು ಬದಿಯಿಂದ ನೀರಿನೊಳಕ್ಕೆ ಬೆರಳುಗಳಂತೆ ಚಾಚಿದ ನೆಲ. ಒಂದು ಬೆರಳಿನ ತುದಿಗೆ ಸೇಂಟ್ ಏಂಜೆಲೊ ಕೋಟೆ. ಪಕ್ಕದ ಬೆರಳಿನ ಹೆಸರು ಸೆಂಗ್ಲಿಯಾ. ಆ ಬೆರಳಿನ ಬುಡದಲ್ಲಿ ಹಡಗು ರಿಪೇರಿ ಮಾಡುವ ಡಾಕು, ಮುಂಬಯಿಯವರ ಬಾಯಲ್ಲಿ ಗೋದಿ. "ಇಲ್ಲೇ" ಎಂದೆ, "ಮಾಮಾನ ಹಡಗ ಇಲ್ಲೇ ನಿಂತೈತಿ."

ಅಕ್ಕ ಬಗ್ಗಿ ನೋಡಿದಳು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು. ನಂತರ ಕೇಳಿದ ಮೊದಲ ಪ್ರಶ್ನೆ: "ನೀರು ಎಷ್ಟು ಆಳ ಐತಿ?" ಆಗೆಲ್ಲ ಆಳ ಬರೆಯುತ್ತಿದ್ದದ್ದು ಮಾರಿನ ಲೆಕ್ಕದಲ್ಲಿ, ಎರಡು ಕೈ ಚಾಚಿದರೆ ಎಷ್ಟೋ ಅಷ್ಟು. ಎಂಟು ಮಾರು ಎಂದೆ. ಪಾರ್ಲೆ ಸ್ಟೇಷನ್ನಿನ ಹೊರಗೆ ಮೊಳ, ಮಾರು ಹಾಕಿ ಮಲ್ಲಿಗೆ ಕೊಳ್ಳುವ ಅಕ್ಕನಿಗೆ ಅದು ತಟ್ಟನೆ ತಿಳಿಯಿತು. "ಎಂಟ ಮಾರಂದ್ರ ಭಾಳ ಅಲ್ಲ" ಎಂದು ಸಮಾಧಾನ ಪಟ್ಟುಕೊಂಡಳು. ಆ ರಾತ್ರಿ ಎರಡೂವರೆ ಚಪಾತಿ ತಿಂದಳು.

ಅಲ್ಲಿಂದ ಶುರುವಾಯಿತು ನಮ್ಮ ಭಾನುವಾರದ ತಿರುಗಾಟ. ಸಂಜೆ ಐದಕ್ಕೆ ಹೊರಡುವುದು ಎಂದು ಗೊತ್ತಾಯಿತು. ಹೊರಡುವುದೆಂದರೆ ನೆಲದ ಮೇಲೆ ಕೂರುವುದು. ಆದರೆ ಅಕ್ಕ ಮನೆಯ ಸೀರೆ ಬದಲಿಸುತ್ತಿದ್ದಳು, ಮುಖಕ್ಕೆ ಪೌಡರು, ಹೊಸ ಕುಂಕುಮ. "ಅಲ್ಲಿ ಯಾರು ನೋಡ್ತಾರ ನಿನ್ನ?" ಎಂದರೆ, "ಊರ ಮಂದಿ ನೋಡೂದಿಲ್ಲೇನು?" ಎನ್ನುತ್ತಿದ್ದಳು. ಬಲಗೈ ತೋರುಬೆರಳು ಗೋದಿಯ ಬಾಗಿಲಿನಿಂದ ಹೊರಟು, ಸೆಂಗ್ಲಿಯಾದ ಅಂಚಿನಲ್ಲಿ ಮೆಲ್ಲಗೆ ನಡೆಯುತ್ತಿತ್ತು. ಅಡ್ಡ ಬಂದ ಕ್ರೇನುಗಳನ್ನು ಸುತ್ತುಹಾಕಿ ಹೋಗುತ್ತಿತ್ತು. ನೀರಿನ ಮೇಲೆ ನಡೆಯಲು ಒಂದು ದಿನವೂ ಒಪ್ಪಲಿಲ್ಲ.

ನನ್ನ ಉತ್ಸಾಹ ಕೇಳಬೇಡಿ. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಕೊನೆಯ ಪುಟಗಳೇ ಇಲ್ಲದ ಒಂದು ಹಳೆಯ ಪ್ರವಾಸಿ ಕೈಪಿಡಿ ಸಿಕ್ಕಿತು. ಅಂಗಡಿಯಲ್ಲಿ ನಾವಿಕರಿಗಾಗಿ ಬಂದರುಗಳ ವರ್ಣನೆ ಬರೆದಿಟ್ಟ ದಪ್ಪ ಪುಸ್ತಕವಿತ್ತು. ಎರಡನ್ನೂ ಲೋಕಲ್ ರೈಲಿನಲ್ಲಿ ಓದಿ ಓದಿ, ಒಂದು ಸಲ ಪಾರ್ಲೆ ದಾಟಿ ಅಂಧೇರಿಗೆ ಹೋಗಿ ಇಳಿದೆ. ಆ ದ್ವೀಪವನ್ನು ಒಬ್ಬ ದೊಡ್ಡ ಅರಸ ಯೋಧ-ಸಂನ್ಯಾಸಿಗಳ ಒಂದು ಪಂಗಡಕ್ಕೆ ಬಿಟ್ಟುಕೊಟ್ಟಿದ್ದನಂತೆ, ವರ್ಷಕ್ಕೊಂದು ಡೇಗೆ ಹಕ್ಕಿಯ ಬಾಡಿಗೆಗೆ. "ನಮ್ಮ ಚಾಳದ ಮಾಲಕ ಒಂದು ಪಾರಿವಾಳಕ್ಕ ಒಪ್ಪತಾನೇನು ಕೇಳೂಣು" ಎಂದಳು ಅಕ್ಕ. ಆಮೇಲೆ ತುರ್ಕರು ನೂರಾರು ಹಡಗು ಕಟ್ಟಿಕೊಂಡು ಮುತ್ತಿಗೆ ಹಾಕಿದರು. ಸೆಂಗ್ಲಿಯಾದ ತುದಿಯಿಂದ ಎದುರಿನ ಕೋಟೆಗೆ ನೀರಿನ ಅಡ್ಡಲಾಗಿ ಕಬ್ಬಿಣದ ದಪ್ಪ ಸರಪಳಿ ಕಟ್ಟಿ ದ್ವೀಪದವರು ದಾರಿ ತಡೆದರು. ತಿಂಗಳುಗಟ್ಟಲೆ ಕಾದಾಡಿ ತುರ್ಕರು ಹಿಂತಿರುಗಿದರು. ಅದು ಯಾವ ವರ್ಷ ಎಂದು ನೋಡಿದವನೇ ನಾನು ಲೋಕಲ್‌ನಲ್ಲಿ ಎದ್ದುನಿಂತುಬಿಟ್ಟೆ, ನನ್ನ ಸೀಟು ಹೋಯಿತು. ನಮ್ಮ ತಾಳಿಕೋಟೆಯ ಯುದ್ಧ ನಡೆದದ್ದೂ ಅದೇ ವರ್ಷ.

ಓಡುತ್ತಾ ಬಂದು ಅಕ್ಕನಿಗೆ ಹೇಳಿದೆ. ಅತ್ತ ಅವರು ಸರಪಳಿ ಬಿಗಿಯುತ್ತಿದ್ದಾಗ ಇತ್ತ ನಮ್ಮೂರಿನ ಕೋಟೆಯ ಗೋಡೆ ಮುಗಿಯುತ್ತಿತ್ತು. ಅಕ್ಕ ಹಿಟ್ಟಿನ ಕೈ ಹಾಗೇ ಹಿಡಿದು ಯೋಚಿಸಿದಳು. "ಆ ವರ್ಷ ಯಾರೂ ಸುಮ್ಮನ ಮನ್ಯಾಗ ಕುಂತಿಲ್ಲ ನೋಡು" ಎಂದಳು. ಅವತ್ತಿನಿಂದ ಮಾಲ್ಟಾ ಅವಳಿಗೆ ತವರಿನ ಹತ್ತಿರದ ಊರಾಯಿತು.

ಇಲ್ಲಿಯೇ ನಾನು ಕೆಟ್ಟದ್ದು. ಹಡಗಿನ ನಕಾಶೆಯಲ್ಲಿ ನೀರಿನ ಸಂಗತಿ ಸಾಸಿವೆಯಷ್ಟೂ ಬಿಡದೆ ಇರುತ್ತದೆ. ನೆಲದ ಮೇಲೆ ಮಾತ್ರ ದೂರದಿಂದ ನಾವಿಕನಿಗೆ ಕಾಣುವುದಷ್ಟೇ: ಚರ್ಚಿನ ಗುಮ್ಮಟ, ಕೋಟೆ, ಧ್ವಜದ ಕಂಬ, ಕೆಲವು ಬೀದಿಗೀಟು. ಉಳಿದದ್ದು ಖಾಲಿ. ಅಕ್ಕನಿಗೆ ಬೇಕಾದದ್ದು ಆ ಖಾಲಿಯೇ. "ಗೋದಿಯಿಂದ ಹೊರಗ ಬಂದ್ರ ನೆರಳೈತೇನು? ಕುಂದ್ರಾಕ ಕಟ್ಟಿ ಐತೇನು? ಚಹಾ ಸಿಗತೈತೇನು?" ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅಷ್ಟು ದೊಡ್ಡ ಪಂಡಿತನಾಗಿ ಗೊತ್ತಿಲ್ಲ ಎನ್ನುವುದು ಹೇಗೆ? ಪಿಂಟೊ ಸಾಹೇಬರು ನೆಲದ ಮೇಲೆ ಸುಳ್ಳಿಗೆ ಪರವಾನಗಿ ಕೊಟ್ಟಿದ್ದರಲ್ಲ. ನಾನು ಸೆಂಗ್ಲಿಯಾದ ತುದಿಯಲ್ಲಿ ಒಂದು ಚಹಾದಂಗಡಿ ಇಟ್ಟೆ. ಮುಂದೆ ಕಲ್ಲಿನ ಕಟ್ಟೆ, ಮೇಲೆ ತೆಂಗಿನ ಗರಿಯ ಚಪ್ಪರ, ಎದುರಿಗೆ ನೀರು. ನಿಜ ಹೇಳಬೇಕೆಂದರೆ ಅದು ನಮ್ಮೂರ ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿ, ಎತ್ತಿ ತಂದು ಮೆಡಿಟರೇನಿಯನ್ ದಂಡೆಗೆ ಕೂರಿಸಿದ್ದೆ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಅಕ್ಕನ ಬೆರಳು ಅಲ್ಲಿ ತಡೆದು ನಿಂತಿತು. "ಅಂಗಡಿ ಹ್ವಾದ ವಾರ ಆ ಕಡೆ ಇತ್ತಲ್ಲೊ?"

"ಅದು ಗಾಲಿ ಅಂಗಡಿ ಅಕ್ಕಾ, ಬಿಸಲ ನೋಡಿ ದೂಡತಾರ" ಎಂದೆ. ಅಕ್ಕ ನನ್ನ ಮುಖ ನೋಡಿದಳು. ಎದ್ದು ಹೋಗಿ ಕುಂಕುಮದ ಭರಣಿ ತಂದು, ಸೆಂಗ್ಲಿಯಾದ ತುದಿಗೆ ಒಂದು ಬೊಟ್ಟು ಇಟ್ಟಳು. ಹೆಂಗಸರು ಯಾವುದಕ್ಕೆಲ್ಲ ಕುಂಕುಮ ಹಚ್ಚುತ್ತಾರೆ ಎಂದು ನಾನು ಒಳಗೊಳಗೇ ನಕ್ಕೆ.

ಆ ಬೊಟ್ಟು ನನ್ನ ತಲೆಯಲ್ಲಿ ಎಷ್ಟು ಕೂತಿತ್ತೆಂದರೆ, ಮುಂದಿನ ಸೋಮವಾರ ಫೋರ್ಟಿನ ನಮ್ಮ ಅಂಗಡಿಯಲ್ಲಿ ಮಾಲ್ಟಾದ ಹೊಚ್ಚ ಹೊಸ ನಕಾಶೆ ತಿದ್ದುವಾಗ, ಕೈ ತಾನಾಗಿ ಹೋಗಿ ಸೆಂಗ್ಲಿಯಾದ ತುದಿಗೆ ಗುಲಾಬಿ ಶಾಯಿಯಲ್ಲಿ ಒಂದು ಚೊಕ್ಕ ಸೊನ್ನೆ ಬರೆಯಿತು. ಪಿಂಟೊ ಸಾಹೇಬರು ಭೂತಗನ್ನಡಿ ಹಿಡಿದು ಬಂದರು.

"ಎಂತ ಇದು? ದೀಪವಾ, ಬಂಡೆಯಾ?"

"ಚಹಾದಂಗಡಿ ಸಾರ್" ಎಂದು ಬಾಯಿಗೆ ಬಂದುಬಿಟ್ಟಿತು.

ಅವರು ಕನ್ನಡಕ ತೆಗೆದು ನನ್ನನ್ನು ಪೂರ್ತಿ ನೋಡಿದರು. ಬೈಯಲಿಲ್ಲ. ಹಳೆಯ ಬ್ಲೇಡು ನನ್ನ ಕೈಗಿಟ್ಟು, "ಮೆಲ್ಲ ಕೆರೆ. ಕಾಗದ ತೂತಾಗ್ಬಾರ್ದು" ಎಂದಷ್ಟೇ ಹೇಳಿದರು. ಒಂದು ತಾಸು ಕೆರೆದೆ. ಚಹಾದಂಗಡಿ ಹೋಯಿತು. ಮನೆಯ ನಕಾಶೆಯಲ್ಲಿದ್ದದ್ದು ಮಾತ್ರ ಉಳಿಯಿತು.

ದೀಪಾವಳಿ ಕಳೆದ ಒಂದು ಸಂಜೆ ಅಕ್ಕ ಹಗುರವಾಗಿ ಓಡಾಡುತ್ತಿದ್ದಳು. ಏನು ಸಮಾಚಾರ ಎಂದೆ. "ಮಾಮಾಗ ಪತ್ರ ಹಾಕಿ ಬಂದೆ. ಎಲ್ಲಾ ಬರದೀನಿ. ಗೋದಿ ಬಾಗಲಿಂದ ಹೊರಗ ಬಂದು, ನೀರು ಬಲಕ್ಕ ಇಟ್ಕೊಂಡು ತುದಿತನಕ ನಡೀರಿ, ಅಲ್ಲಿ ಚಹಾದಂಗಡಿ ಐತಿ, ಕಲ್ಲಿನ ಕಟ್ಟಿ ಐತಿ. ಪ್ರತಿ ಐತವಾರ ಐದಕ್ಕ ಅಲ್ಲಿ ಬಂದು ಕುಂದರ್ರಿ. ನಾನೂ ಬರ್ತೀನಿ, ಬೆರಳಿನ ಮ್ಯಾಲೆ."

ನಾನು ಮುಂದಿನದನ್ನು ಲೆಕ್ಕ ಹಾಕತೊಡಗಿದೆ. ಆ ಮನುಷ್ಯ ಪತ್ರ ಹಿಡಿದು ಹೋಗುತ್ತಾನೆ. ಅಲ್ಲಿ ಅಂಗಡಿ ಇರುವುದಿಲ್ಲ. ಇಲ್ಲ ಎಂದು ಬರೆಯುತ್ತಾನೆ. ಸುಳ್ಳ ಎಂದು ಅಕ್ಕ ನನ್ನನ್ನು ಬೈದರೆ ಬೈಯಲಿ, ಅದಕ್ಕೆ ನಾನು ಅಂಜಲಿಲ್ಲ. ಆದರೆ ಅಂಗಡಿ ಸುಳ್ಳಾದರೆ ಸರಪಳಿಯೂ ಸುಳ್ಳು, ಕೋಟೆಯೂ ಸುಳ್ಳು. ಅವಳಿಗೆ ಮತ್ತೆ ಬರೀ ಕತ್ತಲೆ ಕಾಣುತ್ತದೆ. ಅವಳ ಚಪಾತಿ ಮತ್ತೆ ಅರ್ಧಕ್ಕೆ ಬರುತ್ತದೆ. ಮೂರು ವಾರ ನಾನು ಪೋಸ್ಟ್‌ಮನ್ನನ ಸೈಕಲ್ ಗಂಟೆ ಕೇಳಿದರೆ ಬೆಚ್ಚುತ್ತಿದ್ದೆ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಸಾಂಬಾರ್ ಆರುವವರೆಗೆ ಕೂರುತ್ತಿದ್ದೆ. ಪತ್ರ ಕದಿಯುವ ಯೋಚನೆಯೂ ಬಂದಿತ್ತು. ನನ್ನಂಥವನಿಗೆ ಅದು ಎಲ್ಲಿ ಸಾಧ್ಯ?

ಪತ್ರ ಬಂದದ್ದು ನಾನು ಮನೆಯಲ್ಲಿದ್ದಾಗಲೇ. ನೀಲಿ ಕಾಗದ. ಅಕ್ಕ ನಿಂತುಕೊಂಡೇ ಗಟ್ಟಿಯಾಗಿ ಓದಿದಳು. "ನೀ ಬರದ ಅಂಗಡಿ ಸಿಕ್ಕಿತು. ಕಟ್ಟಿ ಮ್ಯಾಲೆ ಕುಂತಿದ್ದೆ. ಇಲ್ಲಿ ಚಹಾ ಗಾಜಿನ ಗ್ಲಾಸಿನ್ಯಾಗ ಕೊಡತಾರ. ಬಾಜೂಕ ಒಂದು ಕಾವಲಿನ ಗೂಡು ಐತಿ. ಅದರ ಕಲ್ಲಿನ ಮ್ಯಾಲೆ ಒಂದು ಕಣ್ಣು, ಒಂದು ಕಿವಿ ಕೆತ್ಯಾರ. ಬರೂ ಹಡಗ ನೋಡಾಕ ಕಣ್ಣು, ಸಪ್ಪಳ ಕೇಳಾಕ ಕಿವಿ ಅಂತ. ಐತವಾರ ತಪ್ಪಸೂದಿಲ್ಲ."

ಕಾಗದ ಕಸಿದುಕೊಂಡು ನಾನೂ ಒಮ್ಮೆ ಓದಿದೆ. ಅಂಗಡಿ ಇದೆ. ನಾನು ಇಟ್ಟ ಜಾಗದಲ್ಲೇ ಇದೆ. ಮೂರು ವಾರದ ಭಯ ಇಳಿದ ಮೇಲೆ ಏರಿದ್ದು ಜಂಬ. ನಕಾಶೆಯ ಗೀಟು ನೋಡಿಯೇ ಅಂಗಡಿ ಎಲ್ಲಿರಬೇಕೆಂದು ತಿಳಿಯಬಲ್ಲ ವಿದ್ಯೆ ನನಗೆ ಕೈಗೂಡಿದೆ ಎಂದು ನಂಬಿದೆ. ಚಾಳದ ಕಟ್ಟೆಯಲ್ಲಿ ಕೂತು ಕಾಣದ ಊರುಗಳ ವರ್ಣನೆ ಮಾಡತೊಡಗಿದೆ. ಆದರೆ ಆ ಕಣ್ಣು-ಕಿವಿಯ ಗೂಡನ್ನು ಮಾತ್ರ ನಂಬಲಿಲ್ಲ. ಕೈಪಿಡಿಯಲ್ಲಿ ಇರಲಿಲ್ಲ, ನಕಾಶೆಯಲ್ಲಿ ಇರಲಿಲ್ಲ. ಮಾಮಾ ಹೆಂಡತಿಯನ್ನು ನಗಿಸಲು ಸ್ವಲ್ಪ ಸೇರಿಸಿದ್ದಾನೆ ಎಂದುಕೊಂಡೆ. ಹೋಗಲಿ ಬಿಡು, ಬಡ ಫಿಟ್ಟರ್, ಅವನಿಗೂ ಒಂದು ಸುಳ್ಳು ಇರಲಿ ಎಂದು ದೊಡ್ಡ ಮನಸ್ಸು ಮಾಡಿದೆ.

ಆ ಚಳಿಗಾಲವೆಲ್ಲ ಭಾನುವಾರ ಐದಕ್ಕೆ ಅಕ್ಕನ ಬೆರಳು ಕುಂಕುಮದ ಬೊಟ್ಟಿನ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಮಾತಾಡಿದರೆ, "ಸುಮ್ಮನಿರೊ, ಅವರು ಬಂದಾರ" ಎನ್ನುತ್ತಿದ್ದಳು. ಒಂದು ಕಾಲು ತಾಸು ಹಾಗೇ ಕೂತು ಎದ್ದು ಸ್ಟವ್ ಹಚ್ಚುತ್ತಿದ್ದಳು.

ಮಾಮಾ ಬಂದದ್ದು ಶಿವರಾತ್ರಿಯ ಹಿಂದಿನ ವಾರ. ಹಡಗು ಬಿಟ್ಟು, ವಿಮಾನದಲ್ಲಿ ಬಂದು ಸಾಂತಾಕ್ರೂಜಿನಲ್ಲಿ ಇಳಿದ. ಸಣ್ಣಗಾಗಿದ್ದ. ಅಕ್ಕನಿಗೆ ಒಂದು ಲೇಸಿನ ಬಟ್ಟೆ, ನನಗೆ ಒಂದು ಒಳ್ಳೆಯ ನಿಬ್ಬಿನ ಪೆನ್ನು ತಂದಿದ್ದ. ಒಂದು ಸಂಜೆ ನಾವಿಬ್ಬರೇ ಜುಹೂ ದಂಡೆಯಲ್ಲಿ ಮರಳಿನ ಮೇಲೆ ಕೂತಿದ್ದಾಗ, ನಾನು ಗೆದ್ದವನ ಗತ್ತಿನಲ್ಲಿ ಕೇಳಿದೆ.

"ಮಾಮಾ, ನಾ ಹೇಳಿದ ಅಂಗಡಿ ಚಹಾ ಹೆಂಗಿತ್ತು?"

ಮಾಮಾ ಮರಳಿನಿಂದ ಒಂದು ಚಿಪ್ಪು ಆರಿಸಿ ಒರೆಸಿದ. "ಎಲ್ಲಿ ಅಂಗಡಿ ತಂದಿಯೊ ಮಾರಾಯಾ? ತುದಿಯೊಳಗ ಬರೀ ಗ್ವಾಡಿ ಐತಿ, ಗ್ವಾಡಿ ಕೆಳಗ ಸಮುದ್ರ. ಚಹಾ ಕುಡಿಯಾಕ ಊರೊಳಗ ಹೋಗಬೇಕು."

"ಮತ್ತ ಕಣ್ಣು-ಕಿವಿ?"

"ಅದು ಖರೇ ಐತಿ. ಅದರ ಬುಡಕ್ಕ ಕುಂದ್ರತಿದ್ದೆ."

ನನ್ನ ವಿದ್ಯೆ ಅಲ್ಲೇ ಮರಳಿನಲ್ಲಿ ಇಂಗಿಹೋಯಿತು. ಸುಳ್ಳೆಂದುಕೊಂಡದ್ದು ಖರೆ, ಖರೆ ಎಂದುಕೊಂಡದ್ದು ಸುಳ್ಳು. "ಹಂಗಾರ ಸಿಕ್ಕಿತು ಅಂತ ಯಾಕ ಬರದ್ರಿ?" ಎಂದೆ.

"ಇಲ್ಲ ಅಂತ ಬರದ್ರ ಆಕಿ ಎಲ್ಲಿಗೆ ಬರಬೇಕು?"

ಬೇರೆ ಮಾತಿಗೆ ಹೋಗುವವನಂತೆ ಮಾಮಾ ಹೇಳಿದ: "ಇನ್ನೊಂದು ಏನಂದ್ರ, ನಿಮ್ಮ ಐದು ಅಂದ್ರ ಅಲ್ಲಿ ಐದಲ್ಲ. ಚಳಿಗಾಲದಾಗ ಅಲ್ಲಿ ಹನ್ನೆರಡೂವರಿ ಇರತೈತಿ."

ಪ್ರಪಂಚದ ಸಮುದ್ರಗಳನ್ನೆಲ್ಲ ತಿದ್ದುವ ನನಗೆ ಇದು ಹೊಳೆದಿರಲಿಲ್ಲ. ಮಾರು ಬರೆದಿರುವ ಕಾಗದದಲ್ಲಿ ಗಂಟೆ ಬರೆದಿರುವುದಿಲ್ಲ. ಹಡಗಿನವನಿಗೆ ಮಾತ್ರ ಅದು ಉಸಿರಾಟದಷ್ಟು ಸಹಜ. ಅವನು ಪತ್ರ ಓದಿದ ದಿನವೇ ಲೆಕ್ಕ ಹಾಕಿದ್ದ. ಹನ್ನೆರಡೂವರೆ ಎಂದರೆ ಹಡಗಿನಲ್ಲಿ ಊಟದ ಹೊತ್ತು. ವಾರವಿಡೀ ಬ್ರೆಡ್ಡು, ಬೇಯಿಸಿದ ಬಟಾಟೆ. ಹಡಗಿನ ಅಡುಗೆಯವ, ರತ್ನಾಗಿರಿಯ ಭಂಡಾರಿ, ಭಾನುವಾರ ಮಧ್ಯಾಹ್ನ ಮಾತ್ರ ಬಿಸಿ ಪೂರಿ, ಭಾಜಿ ಮಾಡುತ್ತಿದ್ದನಂತೆ. ಮಾಮಾ ತುದಿಗೆ ನಡೆದು, ಕೂತು, ತಿರುಗಿ ಬರುವ ಹೊತ್ತಿಗೆ ಬಾಣಲೆ ತೊಳೆದಿಟ್ಟಿರುತ್ತಿದ್ದರು. ಕೆಲವು ಭಾನುವಾರ ಈಶಾನ್ಯದಿಂದ ಬೀಸುವ ಗಾಳಿಗೆ ನೀರು ಗೋಡೆ ಹತ್ತಿ ಮೈಮೇಲೆ ಬರುತ್ತಿತ್ತಂತೆ.

"ಹೆಂಗಿದ್ರೂ ಅಂಗಡಿ ಸುಳ್ಳು ಬರದಿದ್ರಿ. ಹೋಗದನ, ಹ್ವಾದೆ ಅಂತ ಬರದಿದ್ರ ಆಗತಿತ್ತಲ್ಲ ಮಾಮಾ. ಊಟಾ ಯಾಕ ಬಿಟ್ರಿ?"

ಮಾಮಾ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಆಕಿ ಬರ್ತೀನಿ ಅಂದಿದ್ಲಲ್ಲೊ" ಎಂದ. ಎದ್ದು ಮರಳು ಕೊಡವಿಕೊಂಡು, "ಇದನ್ನ ಮನ್ಯಾಗ ಹೇಳಬ್ಯಾಡ" ಎಂದು ಸೇರಿಸಿದ.

ನನ್ನ ಬಾಯಿ ಎಂಥದೆಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿದೆ. ಆದರೂ ಒಂಬತ್ತು ವರ್ಷ ಇಟ್ಟುಕೊಂಡಿದ್ದೆ. ಮಾಮಾ ಮತ್ತೆ ಹಡಗು ಹತ್ತಲಿಲ್ಲ, ಏರ್‌ಪೋರ್ಟಿನ ವರ್ಕ್‌ಶಾಪಿಗೆ ಸೇರಿದ. ನನ್ನ ಮದುವೆಯಾಯಿತು, ಬೇರೆ ಖೋಲಿ ಮಾಡಿದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕನವರು ಚಾಳ ಬಿಟ್ಟು ಪಾರ್ಲೆಯಲ್ಲೇ ಹೊಸ ಬಿಲ್ಡಿಂಗಿಗೆ ಹೋಗುವುದೆಂದಾಯಿತು. ಡಿಸೆಂಬರಿನ ಒಂದು ಭಾನುವಾರ ಸಾಮಾನು ಕಟ್ಟಲು ನಾನು ಹೋಗಿದ್ದೆ. ಮಾಮಾ ಉಂಡು ಒಳಗಡೆ ಮಲಗಿದ್ದ. ಟ್ರಂಕಿನ ತಳದಲ್ಲಿ ಮಡಿಸಿಟ್ಟ ನಕಾಶೆ ಸಿಕ್ಕಿತು, ಈಗ ನನ್ನ ಕಪಾಟಿನಲ್ಲಿರುವುದು ಇದೇ. ನೆಲಕ್ಕೆ ಹಾಸಿದೆ. ಈಗ ಅದು ಸುತ್ತಿಕೊಳ್ಳುತ್ತಿರಲಿಲ್ಲ, ವಯಸ್ಸಾಗಿ ಮೆತ್ತಗಾಗಿತ್ತು. ಸೆಂಗ್ಲಿಯಾದ ತುದಿಯ ಕುಂಕುಮ ಹಾಗೇ ಇತ್ತು, ಗುಲಾಬಿ ಶಾಯಿಯ ಬಣ್ಣಕ್ಕೆ ತಿರುಗಿತ್ತು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಅಂಗಡಿ ಸುಳ್ಳು. ನಾನ ಹುಟ್ಟಿಸಿದ್ದೆ" ಎಂದೆ.

ಅಕ್ಕ ಪಾತ್ರೆಗೆ ಗೋಣಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತಲ್ಲೊ" ಎಂದಳು. "ಒಂದ ವಾರ ಆ ಕಡೆ, ಒಂದ ವಾರ ಈ ಕಡೆ ಸರಸ್ತಿದ್ದಿ. ನೀ ಇನ್ನೊಮ್ಮೆ ಸರಸಬಾರದು ಅಂತನ ಕುಂಕುಮ ಹಚ್ಚಿದೆ. ನೀ ಆಫೀಸಿನ್ಯಾಗ ತಿದ್ದತಿದ್ದಿ, ನಾ ಮನ್ಯಾಗ ತಿದ್ದಿದೆ."

"ಗೊತ್ತಿದ್ರ ಮಾಮಾಗ ಯಾಕ ಬರದಿ?"

"ಎಲ್ಲೆರ ಹೋಗಿ ಹೊರಗಿನ ಗಾಳ್ಯಾಗ ಕುಂದರ್ರಿ ಅಂದ್ರ ಅವರು ಹೋಗಾವರೇನು? ಎಂಜಿನ್ ಬಿಟ್ಟು ಏಳೂ ಮನಷ್ಯಾ ಅಲ್ಲ. ಗಂಡಸರಿಗೆ ಇಂಥಾ ಜಾಗಾ ಅಂತ ಒಂದು ಪತ್ತೆ ಕೊಡಬೇಕೋ." ಸ್ವಲ್ಪ ನಕ್ಕಳು. "ಸಿಕ್ಕಿತು ಅಂತ ಬರದಾರಲ್ಲ, ಆವತ್ತು ನನಗ ಎಷ್ಟು ನಗಿ ಬಂದಿತ್ತು."

ಮೂವರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಒಂದೇ ಅಂಗಡಿಯಲ್ಲಿ ಕೂತಿದ್ದೆವು. ನನಗೂ ನಗು ಬಂತು. ನಗುವಿನ ಭರದಲ್ಲಿ ಉಳಿದದ್ದನ್ನೂ ಹೇಳಿಬಿಟ್ಟೆ: ಐದು ಅಲ್ಲಿ ಹನ್ನೆರಡೂವರೆ ಆಗಿತ್ತೆಂಬುದು, ಗಾಳಿ, ಭಂಡಾರಿಯ ಪೂರಿ, ತೊಳೆದಿಟ್ಟ ಬಾಣಲೆ, ಎಲ್ಲ. ಇದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅಕ್ಕನ ಕೈ ಗೋಣಿಯ ಮೇಲೆ ನಿಂತಿತು. ಕಿಟಕಿಯ ಕಡೆ ಮುಖ ಮಾಡಿದಳು. ನಾನು ಮಾಡಬಾರದ್ದು ಮಾಡಿದೆ ಎಂದು ಹೆದರಿ ನಕಾಶೆ ಮಡಿಸತೊಡಗಿದೆ. ಅವಳು ಎದ್ದಳು. ಕಟ್ಟಿಟ್ಟಿದ್ದ ಪಾತ್ರೆಯ ಗಂಟು ಬಿಚ್ಚಿದಳು. ಬಾಣಲೆ ಹೊರತೆಗೆದಳು. ಗೋದಿ ಹಿಟ್ಟಿನ ಡಬ್ಬಿ, ಎಣ್ಣೆ, ಲಟ್ಟಣಿಗೆ. ಕಟ್ಟಲು ಒಂದು ತಾಸು ಹಿಡಿದ ಸಾಮಾನೆಲ್ಲ ಮತ್ತೆ ನೆಲಕ್ಕೆ ಬಂತು. ಸ್ಟವ್ ಹೊತ್ತಿಸಿ ಹಿಟ್ಟು ಕಲಸಿದಳು, ಬಟಾಟೆ ಬೇಯಿಸಿದಳು. ಪಕ್ಕದ ಖೋಲಿಯವರ ಗಡಿಯಾರ ಐದು ಹೊಡೆಯುವಾಗ ಮೊದಲ ಪೂರಿ ಉಬ್ಬಿ ಮೇಲೆ ಬಂತು.

ವಾಸನೆಗೆ ಎಚ್ಚರವಾಗಿ ಮಾಮಾ ಕಣ್ಣುಜ್ಜುತ್ತಾ ಹೊರಗೆ ಬಂದ. ತಾಟು ಹಾಕಿತ್ತು. "ಏನಿದು? ಈಗರ ಉಂಡು ಮಲಗೀನಲ್ಲ. ಐದಕ್ಕ ಯಾರರ ಊಟಾ ಮಾಡ್ತಾರೇನು?" ಎಂದ.

ಅಕ್ಕ ತಲೆಯೆತ್ತದೆ ಇನ್ನೊಂದು ಪೂರಿ ಎಣ್ಣೆಗೆ ಬಿಟ್ಟಳು.

"ಅಲ್ಲಿ ಹನ್ನೆರಡೂವರಿ ಆಗೈತಿ" ಎಂದಳು. "ಉಣ್ರಿ."

ಮಾಮಾ ನನ್ನ ಕಡೆ ನೋಡಿದ. ನಾನು ನಕಾಶೆಯಲ್ಲಿ ನೀರಿನ ಆಳ ಓದುತ್ತಿದ್ದೆ. ಅವನು ಕೈ ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ.